ಶಾಂತಾಳ ಲಗ್ನವೂ ಏರುವ ಸಮುದ್ರವೂ

ತಿಳಿದದ್ದನ್ನೆಲ್ಲ ಊಟಕ್ಕೆ ಕುಳಿತಾಗ ಹೇಳಬಾರದು. ಅದರಲ್ಲೂ ಭೂಗೋಳದ ಮಾಸ್ತರನಾದವನು ಮಾವನ ಮನೆಯಲ್ಲಿ ಬಾಯಿಗೆ ರೊಟ್ಟಿ ತುರುಕಿಕೊಂಡೇ ಇರುವುದು ಕ್ಷೇಮ. ಎಂಬತ್ತರ ದಶಕದ ಕೊನೆಗೆ ನಾನು ಜೇವರ್ಗಿಯಲ್ಲಿ ಮಾಸ್ತರಿಕೆ ಮಾಡುತ್ತಿದ್ದೆ. ಧ್ರುವಗಳ ಹಿಮ ಕರಗಿ ಸಮುದ್ರ ಏರುವ ಸಂಗತಿಯನ್ನು ಆಗಷ್ಟೇ ಪತ್ರಿಕೆಯಲ್ಲಿ ಓದಿದ್ದೆ. ಮಕ್ಕಳಿಗೆ ಅದನ್ನು ತಿಳಿಸುವುದೇನೂ ಕಷ್ಟವಾಗಲಿಲ್ಲ. ನಮ್ಮ ಬೇಸಿಗೆಯಲ್ಲಿ ಸಂತೆಯಿಂದ ತಂದ ಬರ್ಫ ಮನೆ ಮುಟ್ಟುವಷ್ಟರಲ್ಲಿ ಚೀಲವಷ್ಟೇ ಉಳಿಯುತ್ತಿತ್ತು. ಕಷ್ಟವಾದದ್ದು ಮಟಕಿಯಲ್ಲಿ.

ಆಳಂದ ತಾಲ್ಲೂಕಿನ ಮಟಕಿ ನನ್ನ ಹೆಂಡತಿಯ ತವರು. ಅವಳ ತಂಗಿ ಶಾಂತಾಳಿಗೆ ಅಫಜಲಪುರದ ಮನೆತನವೊಂದರ ಹುಡುಗ ಗೊತ್ತಾಗಿದ್ದ, ನೌಕರಿ ಕಾರವಾರದಲ್ಲಿ. ಹೋಳಿಗೆ ಬಡಿಸುವಾಗ ಮಾವ ಸಂಗಣ್ಣನವರು, "ಮನೀ ಮುಂದನ ಸಮುದ್ರ ಐತಂತ್ರಿ!" ಎಂದು ಹಿಗ್ಗಿದರು. ನಾನು ಸುಮ್ಮನಿರಬಾರದೇ? ಹಿಮದ ಕಥೆ ಪೂರ್ತಿ ಹೇಳಿ, "ಮುಂದ ಆ ಮನೀನ ಸಮುದ್ರದಾಗ ಇರ್ತದ್ರಿ" ಎಂದೆ.

ಮಾವ ಊಟ ಬಿಟ್ಟು ಎದ್ದೇಬಿಟ್ಟರು. "ಮುಳುಗೋ ಮನಿಗಿ ಮಗಳನ್ನ ಕೊಡಂಗಿಲ್ಲ. ನಾಳಿ ಅಫಜಲಪುರಕ್ಕ ಹೋಗಿ ಬ್ಯಾಡಂತ ಹೇಳಿ ಬರ್ತೇನಿ."

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಹೆಂಡತಿ ನನ್ನತ್ತ ನೋಡಿದ ನೋಟಕ್ಕೆ ಉಳಿದ ಹಿಮವೂ ಕರಗಬೇಕಿತ್ತು. ಅಷ್ಟರಲ್ಲಿ ಶಾಂತಾ ಅಡುಗೆಮನೆಯಿಂದ ಹೊರಬಂದಳು. ನಾಲ್ಕು ಜನರೆದುರು ದನಿ ಎತ್ತಿದವಳಲ್ಲ. ಆದರೆ ಹುಡುಗ ಅವಳ ಮನಸ್ಸಿಗೆ ಹಿಡಿಸಿದ್ದ.

"ಭಾವಾರ, ನೀರು ಬಾಗಲಿಗಿ ಬರೋದು ಯಾವಾಗ್ರಿ?"

"ನಿಧಾನವ್ವ. ಪೂರಾ ಏರಾಕ ನೂರಾರು ವರ್ಷ ಬೇಕು. ನಿನ್ನ ಮೊಮ್ಮಕ್ಕಳಿಗಿ ತ್ರಾಸ ಆಗಬಹುದು."

ಶಾಂತಾ ಅಪ್ಪನ ಕಡೆ ತಿರುಗಿದಳು. "ಹಂಗಾರ ಮೊಮ್ಮಕ್ಕಳು ಆಗಬೇಕಲ್ಲಪ್ಪ. ಅದಕ್ಕ ಮೊದಲ ಲಗ್ನ ಮಾಡ್ರಿ."

ಅತ್ತೆ ಅಳುತ್ತಲೇ ನಕ್ಕುಬಿಟ್ಟರು. ಮಾವ ತಾಟಿನ ಕಡೆಗೊಮ್ಮೆ ನೋಡಿ, "ಅಲ್ಲಿ ಹುಡುಗ ಕೆಳಗಿನ ಮನ್ಯಾಗ ಇರ್ತಾನೋ, ಮಾಳಿಗಿ ಮ್ಯಾಲೋ?" ಎಂದರು.

"ಮಾಳಿಗಿ ಮ್ಯಾಲ್ರಿ." ಅದನ್ನು ಅವಳು ಯಾವಾಗ ವಿಚಾರಿಸಿದ್ದಳೋ!

"ಹಂಗಾರ ಆಗ್ಲಿ. ತುಪ್ಪ ತರ್ರಿ," ಎಂದು ಮಾವ ಮತ್ತೆ ತಾಟಿನ ಮುಂದೆ ಕುಳಿತರು.

ಲಗ್ನವಾದ ಮೇಲೆ ಹುಡುಗಿಯನ್ನು ಕಳಿಸಲು ಎಲ್ಲರೂ ಕಾರವಾರಕ್ಕೆ ಹೋದೆವು. ಮಾವ ಧೋತರ ಎತ್ತಿಕಟ್ಟಿ ಮೊಳಕಾಲುದ್ದ ನೀರಿನಲ್ಲಿ ಕುಣಿದರು. ಅತ್ತೆ ಉಡಿ ತುಂಬ ಚಿಪ್ಪು ಆರಿಸಿದರು. ನಾನು ಅಷ್ಟೊಂದು ನೀರನ್ನು ನಕಾಶೆಯ ಹೊರಗೆ ಕಂಡದ್ದು ಅದೇ ಮೊದಲು. ಒಂದು ಸಣ್ಣ ಅಲೆ ಬಂದು ಪಾದ ಸವರಿದ್ದೇ ತಡ, ದಂಡೆಯ ಗಾಳಿಮರದ ತನಕ ಓಡಿದೆ.

"ಬರ್ರಿ ಅಳಿಯಾರ, ನೀರು ಭಾಳ ಚಲೋ ಐತಿ!" ಎಂದು ಮಾವ ಕೂಗಿದರು.

ಮರವನ್ನು ಗಟ್ಟಿಯಾಗಿ ಹಿಡಿದುಕೊಂಡು, "ಎಲ್ಲಾರ ಚಪ್ಪಲಿ ಕಾಯಾಕ ಯಾರರೆ ಬೇಕಲ್ರಿ!" ಎಂದೆ.