ಸುಗಲಮ್ಮನ ಇಪ್ಪತ್ತೆರಡು ದಿನ

ಆಫೀಸಿನ ಗುಮಾಸ್ತ ಚಂದ್ರಕಾಂತ ಒತ್ತಿದ್ದು ಒಂದೇ ಗುಂಡಿ. ಕಂಪ್ಯೂಟರಿನಲ್ಲಿ ಶಿವದೇವಿ ಮಾಡಿಟ್ಟಿದ್ದ ಪಟ್ಟಿಯ ಹೆಸರುಗಳು ಅಕಾರಾದಿಯಾಗಿ ನಿಂತವು. ಪಕ್ಕದಲ್ಲಿದ್ದ ತಡವಾದ ದಿನಗಳ ಲೆಕ್ಕ ಮಾತ್ರ ಇದ್ದಲ್ಲೇ ಉಳಿಯಿತು. ಮದುವೆಮನೆಯ ಬಾಗಿಲಲ್ಲಿ ಚಪ್ಪಲಿ ಅದಲುಬದಲಾದ ಹಾಗೆ, ಯಾರದೋ ತಡ ಯಾರದೋ ಕಾಲಿಗೆ ಬಂತು.

“ನೋಡ್ರಿ ಅಕ್ಕಾರ, ಎಷ್ಟು ಚಂದ ಆತು. ಸೇವ್ ಮಾಡಿ ಮುಚ್ಚೀನಿ,” ಎಂದು ಅವನು ಚಹಾಕ್ಕೆ ಹೋದ.

ಉಪ್ಪಲ್‌ನ ಆ ಕಾರ್ಖಾನೆಯ ಗೇಟಿನಲ್ಲಿ ಕೂತು, ಬಂದವರ ಹೆಸರು, ಹೊತ್ತು ಪುಸ್ತಕದಲ್ಲಿ ಬರೆಯುತ್ತ ಶಿವದೇವಿಗೆ ಹನ್ನೊಂದು ವರ್ಷವಾಗಿತ್ತು. ಬಿಸಿಲು, ಧೂಳು, ಲಾರಿಯ ಹೊಗೆ. ಈಗ ಮೇಲೆ ಆಫೀಸಿನಲ್ಲಿ ಒಂದು ಕುರ್ಚಿ ಖಾಲಿಯಾಗಿತ್ತು. ಅದಕ್ಕಾಗಿ ಎಂಟು ಭಾನುವಾರ ಅಮೀರ್‌ಪೇಟ್‌ಗೆ ಹೋಗಿ, ಮಗಳ ವಯಸ್ಸಿನವರ ನಡುವೆ ಕೂತು ಕಂಪ್ಯೂಟರ್ ಕಲಿತಿದ್ದಳು. ಯಾರು ಎಷ್ಟು ದಿನ ತಡವಾಗಿ ಬಂದರೆಂಬ ಪಟ್ಟಿಯನ್ನು ಇಂದು ನಾಲ್ಕು ಗಂಟೆಗೆ ಮ್ಯಾನೇಜರ್ ಹನುಮಂತರಾಯರು ಮೆಚ್ಚಿದರೆ ಆ ಕುರ್ಚಿ ಅವಳದು.

ಫೈಲ್ ತೆರೆದಳು. ದಿನವೂ ಗೇಟು ತೆಗೆಯುವ ಮೊದಲೇ ಕಸಬರಿಗೆ ಹಿಡಿದು ನಿಂತಿರುವ ಸುಗಲಮ್ಮನ ಮುಂದೆ ಇಪ್ಪತ್ತೆರಡು ದಿನ ತಡ ಎಂದಿತ್ತು. ಹನುಮಂತರಾಯರ ಮುಂದೆ ಸೊನ್ನೆ.

“ಏನ್ ಮಾಡಿದ್ಯೋ ಚಂದ್ರಕಾಂತ? ಹೆಸರಷ್ಟ ಹಿಡದು ಜಗ್ಗಿದ್ರ ಹಿಂಗ ಆಗತೈತಿ. ಪೂರಾ ಪಟ್ಟಿ ಹಿಡದು ಜೋಡಿಸಬೇಕಿತ್ತು.”

ಆಗಷ್ಟೇ ಮರಳಿದ್ದ ಚಂದ್ರಕಾಂತ ಚಹಾದ ಕಪ್ಪು ಹಿಡಿದುಕೊಂಡೇ ಬಗ್ಗಿ ನೋಡಿದ. “ಇರ್ಲಿ ಬಿಡ್ರಿ. ಸಾಹೇಬ್ರಿಗೆ ಸೊನ್ನೆ ಬಂದೈತಿ. ನಿಮಗ ಕುರ್ಚಿ ಸಿಕ್ಕಂಗ.”

ಪಕ್ಕದ ಮೇಜಿನ ಪ್ರೇಮಾಳೂ ಇಣುಕಿದಳು. “ನಂದೂ ಎರಡಕ್ಕ ಇಳದೈತಿ. ಮುಟ್ಟಬ್ಯಾಡ ಶಿವದೇವಿ, ನಿನಗ ಪುಣ್ಯ ಬರತೈತಿ.”

“ಮತ್ತ ಸುಗಲಮ್ಮಗ?”

ಇಬ್ಬರೂ ಚಹಾ ಕುಡಿದರು.

ಒಂದು ಕ್ಷಣ ಶಿವದೇವಿಗೂ ಆಸೆಯಾಯಿತು. ಫ್ಯಾನಿನ ಗಾಳಿ ಬೆವರಿದ ಕತ್ತಿಗೆ ತಂಪಾಗಿ ತಾಗುತ್ತಿತ್ತು. ಹನ್ನೊಂದು ವರ್ಷ ಯಾರೂ ಓದದ ಪುಸ್ತಕದಲ್ಲಿ ಒಂದು ನಿಮಿಷವನ್ನೂ ಅವಳು ಸುಳ್ಳು ಬರೆದಿರಲಿಲ್ಲ. ಓದುವವರು ಸಿಕ್ಕ ದಿನವೇ ಸುಳ್ಳು ಬರೆಯುವುದೇ? ಸೆರಗು ಸೊಂಟಕ್ಕೆ ಸಿಕ್ಕಿಸಿ, ಗೇಟಿನ ಪುಸ್ತಕ ಬಿಡಿಸಿ, ಮೊದಲ ಹೆಸರಿನಿಂದ ಮತ್ತೆ ಟೈಪು ಮಾಡತೊಡಗಿದಳು.

ನಾಲ್ಕಕ್ಕೆ ಹನುಮಂತರಾಯರು ಪಟ್ಟಿ ಓದಿದರು. “ಇಪ್ಪತ್ತೆರಡು ದಿನ... ನಾನಾ?”

“ಹೌದ್ರಿ ಸರ್. ತಾರೀಖು, ನಿಮಿಷ ಎಲ್ಲಾ ಪುಸ್ತಕದಾಗ ಐತಿ. ಸೊನ್ನೆ ಸುಗಲಮ್ಮಂದು.”

ಅವರು ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿದರು. ಇಪ್ಪತ್ತೆರಡು ಇಪ್ಪತ್ತೆರಡೇ ಆಗಿತ್ತು.

“ಲೆಕ್ಕ ಸರಿಯಾಗಿದೆ. ಕಂಪ್ಯೂಟರು ನಿಮಗೇ, ಶಿವದೇವಿಯವರೇ.”

ಚಂದ್ರಕಾಂತನ ಬಾಯಿ ತೆರೆದ ಡಬ್ಬಿಯಾಯಿತು.

ಐದಕ್ಕೆ ಇಬ್ಬರು ಹಮಾಲರು ಕಂಪ್ಯೂಟರನ್ನು ಹೊತ್ತು ಮೆಟ್ಟಿಲಿಳಿದರು. ಇಷ್ಟು ಕರಾರುವಾಕ್ಕಾದವರು ಗೇಟಿನಲ್ಲೇ ಇರಬೇಕು ಎಂದು ಸಾಹೇಬರ ಅಪ್ಪಣೆಯಾಗಿತ್ತು. ಅದೇ ಬಿಸಿಲು, ಅದೇ ಹೊಗೆ, ಅದೇ ಸ್ಟೂಲು.

ಶಿವದೇವಿ ಪರದೆಯ ಧೂಳನ್ನು ಸೆರಗಿನಿಂದ ಒರೆಸಿ, ತಡವಾದವರ ಪಟ್ಟಿಗೆ ಹೊಸ ಹಾಳೆ ತೆರೆದಳು. ಮೇಲಿನ ಸಾಲಿನಲ್ಲಿ ಹನುಮಂತರಾಯರ ಹೆಸರು ಟೈಪು ಮಾಡಿದಳು. ಪಟ್ಟಿ ಎಷ್ಟು ಕೆಳಗೆ ಸರಿದರೂ ಮೇಲಿನ ಸಾಲು ಕದಲದಂತೆ ನಿಲ್ಲಿಸುವುದನ್ನು ಅಮೀರ್‌ಪೇಟ್‌ನಲ್ಲಿ ಆರನೆಯ ಭಾನುವಾರ ಕಲಿಸಿದ್ದರು.