ಕರೆಂಟಿನವರಿಗೆ ಅಪ್ಪನ ಶಾಪ

ಎಲ್ಲರೂ ಬೈಯುವ ಸರಕಾರಿ ವಿದ್ಯುತ್ ಕಂಪನಿಗೆ ನಾನು ಮನಸಾರೆ ಕೈ ಮುಗಿಯುತ್ತೇನೆ ಅಂದರೆ ನೀವು ನಗುತ್ತೀರಿ. ನಗಿರಿ. ಕರೆಂಟು ಕೊಟ್ಟಿದ್ದಕ್ಕಲ್ಲ, ತೆಗೆದದ್ದಕ್ಕೆ. ತೊಂಬತ್ತರ ದಶಕದ ಒಂದು ರವಿವಾರ ಮಧ್ಯಾಹ್ನ ಪುಣೆಯ ನಮ್ಮ ಕಟ್ಟಡದಲ್ಲಿ ಕರೆಂಟು ಹೋಗದಿದ್ದರೆ ನನ್ನ ಮದುವೆಯೇ ಆಗುತ್ತಿರಲಿಲ್ಲವೋ ಏನೋ.

ನಮ್ಮಪ್ಪ ಧಾರವಾಡದಿಂದ ಬಂದು ಖಡಕಿಯ ಕಾರಖಾನೆಯಲ್ಲಿ ನೌಕರಿ ಹಿಡಿದವರು. ದೇವರಂಥ ಮನುಷ್ಯ, ಆದರೆ ಕರೆಂಟು ಇರುವತನಕ ಮಾತ್ರ. ಪಂಖಾ ನಿಂತಿತೋ, ಗ್ಯಾಲರಿಗೆ ಹೋಗಿ ಶುರು ಹಚ್ಚಿಕೊಳ್ಳುತ್ತಿದ್ದರು. ಮೊದಲು ಮರಾಠಿಯಲ್ಲಿ, ಸಿಟ್ಟು ನೆತ್ತಿಗೇರಿದ ಮೇಲೆ ಕನ್ನಡದಲ್ಲಿ. "ಈ ಕರೆಂಟಿನವರ ಮನ್ಯಾಗ ದೀಪ ಹತ್ತದಿರಲಿ! ಇವರ ಹೆಂಡ್ರು ಚಟ್ನಿ ರುಬ್ಬೂವಾಗ ಮಿಕ್ಸರ್ ನಡುವ ನಿಂದರಲಿ!" ಈ ಚಟ್ನಿಯದೇ ಯಾವಾಗಲೂ ಕೊನೆಯ ಶಾಪ. ಕನ್ನಡ ಬಾರದ ಮಂದಿಯೂ ಕೇಳಲು ತಂತಮ್ಮ ಗ್ಯಾಲರಿಗೆ ಬರುತ್ತಿದ್ದರು. ಕರೆಂಟು ಹೋದ ಮೇಲೆ ಬೇರೆ ಕೆಲಸವಾದರೂ ಏನಿರುತ್ತದೆ?

ಇಂಥ ಮನೆಗೆ ನನ್ನನ್ನು ನೋಡಲು ಬಂದ ವರ ಅದೇ ಕಂಪನಿಯ ಎಂಜಿನಿಯರ್. ಬೆಳಗಾವಿ ಕಡೆಯವರು. ಅದಕ್ಕೂ ಮೊದಲು ಬಂದ ಸಂಬಂಧಗಳೆಲ್ಲ ಮುರಿದುಬಿದ್ದಿದ್ದವು. ಅದಕ್ಕೇ ಅವ್ವ ಅಪ್ಪನಿಂದ ದೇವರ ಮುಂದೆ ಆಣೆ ಮಾಡಿಸಿಕೊಂಡಳು. "ಇವತ್ತ ಕರೆಂಟ್ ಹೋದ್ರೂ ನಿಮ್ಮ ಬಾಯಿ ಬಂದ್ ಇರಬೇಕ ನೋಡ್ರಿ."

ಹೋಗದೆ ಇರುತ್ತದೆಯೇ? ನಾನು ಉಪ್ಪಿಟ್ಟು ಹಿಡಿದು ಹೊರಗೆ ಬರುವುದಕ್ಕೂ ಪಂಖಾ ನಿಲ್ಲುವುದಕ್ಕೂ ಸರಿಹೋಯಿತು. ಅಪ್ಪ ತುಟಿ ಬಿಗಿಹಿಡಿದು ಕೂತರು, ಮುಖ ಕೆಂಪಗಾಯಿತು. ವರನ ತಂದೆಯೂ ಯಾಕೋ ಹಲ್ಲು ಕಚ್ಚಿಕೊಂಡು ಕೂತಿದ್ದರು. ಹುಡುಗ ತಾನೇ ಸ್ವಿಚ್ ಆರಿಸಿದವನಂತೆ ತಲೆ ತಗ್ಗಿಸಿದ. "ಉಪ್ಪಿಟ್ಟ ಆರತದ, ತಗೋರಿ" ಎಂದಳು ಅವ್ವ.

ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ಕೆಳಗಿನ ಮನೆಯ ಕಾಕೂ, ಏದುಸಿರು ಬಿಡುತ್ತ. "ಭಾವುಜೀ, ತಬ್ಯೇತ್ ಬರೀ ಆಹೇ ನಾ?" ಕರೆಂಟು ಹೋಗಿ ಇಷ್ಟು ಹೊತ್ತಾದರೂ ಅಪ್ಪನ ದನಿ ಇಲ್ಲ, ಆರೋಗ್ಯ ಕೆಟ್ಟಿತೇನೋ ಎಂದು ಗಾಬರಿಯಾಗಿ ಓಡಿಬಂದಿದ್ದರು. ಪುಣ್ಯಾತ್ಗಿತ್ತಿ ಅಷ್ಟಕ್ಕೇ ಬಿಡಲಿಲ್ಲ. ಅಪ್ಪ ಕರೆಂಟಿನವರಿಗೆ ದಿನಾ ಎಷ್ಟು ಚಂದ ಬೈಯುತ್ತಾರೆಂದು ಬಂದವರಿಗೂ ವರ್ಣಿಸಿದರು.

ಮುಗೀತು ನನ್ನ ಕತೆ ಎಂದುಕೊಂಡೆ. ವರನ ತಂದೆ ಧಡಕ್ಕನೆ ಎದ್ದರು. "ಅಯ್ಯ, ನೀವೂ ಬೈತೀರೇನ್ರಿ? ಬೀಗರ ಮನ್ಯಾಗರೆ ಸುಮ್ಮನಿರು ಅಂತ ನನ್ನ ಮಗ ಹೇಳ್ಯಾನಂತ ತಡಕೊಂಡ ಕುಂತೇನ್ರಿ! ಬರ್ರಿ ಹೊರಗ!"

ಇಬ್ಬರೂ ಗ್ಯಾಲರಿಗೆ ಹೋದರು. ಆಹಾ, ಆ ಜೋಡಿ ಬೈಗುಳ! ನಾನು, ಹುಡುಗ ಮುಖ ಮುಖ ನೋಡಿಕೊಂಡು ನಕ್ಕುಬಿಟ್ಟೆವು. ಕರೆಂಟು ಬರುವಷ್ಟರಲ್ಲಿ ಸಂಬಂಧ ಗಟ್ಟಿಯಾಗಿತ್ತು.

ಇಂಥ ಗಂಡನನ್ನು ಕೊಟ್ಟ ಕಂಪನಿಯ ಉಪಕಾರ ಮರೆಯಲಾರೆ. ಈಗ ನೌಕರಿ ಇರುವ ಇಂದಾಪುರದ ಕಡೆ ತಂತಿ ಹರಿದರೆ ಉಣ್ಣುವ ತಾಟು ಬಿಟ್ಟು ಓಡುವ ಇವರನ್ನು ನೋಡಿದ ಮೇಲೆ ಬೈಯಲು ನನಗೆ ಬಾಯಿಯೇ ಬರುವುದಿಲ್ಲ. ತಕರಾರು ಒಂದೇ. ಹೊಸ ಶತಮಾನ ಬಂದರೂ ನನ್ನ ಮಿಕ್ಸರ್ ಚಟ್ನಿಯ ನಡುವೆಯೇ ನಿಲ್ಲುತ್ತದೆ. ಮೊನ್ನೆಯೂ ನಿಂತಾಗ ಅಪ್ಪನಿಗೆ ಫೋನ್ ಮಾಡಿದೆ.

"ಅಪ್ಪಾ, ಆ ಚಟ್ನಿ ಶಾಪ ಒಂದ ವಾಪಸ್ ತಗೋರಿ. ನನಗ ತಟ್ಟೇದ."

"ಅಳಿಯಂದಿರು ಏನಂತಾರ?"

"ಏನೂ ಅನ್ನಂಗಿಲ್ಲ. ತರಿತರಿ ಚಟ್ನೀನ ಮತ್ತ ಹಾಕಿಸ್ಕೊಂಡ ತಿಂತಾರ."

"ಹಂಗಾದ್ರ ಅದು ಶಾಪ ಹೆಂಗಾತವ್ವಾ?"

ಫೋನ್ ಇಟ್ಟು ಗ್ಯಾಲರಿಗೆ ಹೋದೆ. ಅಕ್ಕಪಕ್ಕ ಕನ್ನಡ ಬರುವವರು ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಅಪ್ಪನ ಧಾಟಿಯಲ್ಲೇ ಸಣ್ಣ ದನಿಯಲ್ಲಿ ಶುರು ಹಚ್ಚಿಕೊಂಡೆ. ಕೊನೆಯ ಶಾಪ ಮಾತ್ರ ಬಿಟ್ಟುಬಿಟ್ಟೆ.