ಇಟಲಿಯ ಎರಡು ಸೀಸೆ, ಕಲ್ಯಾಣದುರ್ಗದ ನಾಲಿಗೆ

ನನ್ನ ಬಳಿ ಸ್ವಂತ ಅಭಿಪ್ರಾಯ ಎಂಬುದು ಎಂದೂ ಸಿದ್ಧವಾಗಿ ಇರುವುದಿಲ್ಲ. ಮದುವೆ ಊಟದಲ್ಲಿ ಪಾಯಸ ಹೇಗಿದೆ ಎಂದು ಕೇಳಿದರೂ ಪಕ್ಕದ ಎಲೆಯವರು ಬಾಯಿ ಬಿಡುವವರೆಗೆ ಕಾಯುವ ಆಸಾಮಿ ನಾನು. ಇಂಥವನ ಕೈಗೆ ಇಟಲಿಯವನೊಬ್ಬ ಎರಡು ಸೀಸೆ ವೈನ್ ಕೊಟ್ಟು, "ಗುರುವಾರ ನಿಮ್ಮ ಮನೆಗೆ ಬರುತ್ತೇನೆ, ರುಚಿ ಹೇಗಿದೆ ಹೇಳು" ಎಂದರೆ ಗತಿಯೇನು?

ಅವನ ಹೆಸರು ಪಿಯೆತ್ರೊ. ಹಿಂದೂಪುರದಲ್ಲಿ ನಾನು ಕೆಲಸ ಮಾಡುತ್ತಿದ್ದ ರೇಷ್ಮೆ ಮಿಲ್ಲಿಗೆ ಹೊಸ ಮಿಷನ್ ಕೂರಿಸಲು ಬಂದಿದ್ದ. ಅವನ ಇಂಗ್ಲಿಷೂ ನನ್ನದೂ ಒಂದೇ ಮಟ್ಟದ್ದಾದ್ದರಿಂದ ಸ್ನೇಹ ಬೆಳೆಯಿತು. ಇಟಲಿಯ ದಕ್ಷಿಣದ ತುದಿಯಲ್ಲಿ ಅವನ ಅಪ್ಪನ ದ್ರಾಕ್ಷಿ ತೋಟವಿತ್ತಂತೆ. ಯಾವ ಪುಡಿ, ಔಷಧಿ ಬೆರೆಸದೆ ಮುದುಕ ತಾನೇ ವೈನ್ ಮಾಡುತ್ತಿದ್ದ. ಒಂದು ಸೀಸೆ ಕೆಂಪು, ಇನ್ನೊಂದು ಕಿತ್ತಳೆ ಬಣ್ಣ. ಎರಡೂ ಕದಡಿದ್ದವು. ಕದಡಿದ್ದೆಂದು ವ್ಯಾಪಾರಿಗಳು ಮೂಗು ಮುರಿದಿದ್ದರಿಂದ ಈ ವರ್ಷ ಗಿಡಗಳನ್ನೇ ಕಿತ್ತುಹಾಕುವುದಾಗಿ ಮುದುಕ ಕಾಗದ ಬರೆದಿದ್ದ. "ದೂರದವನ ನಿಜವಾದ ಮಾತು ಬೇಕು. ಅದನ್ನೇ ಅಪ್ಪನಿಗೆ ಬರೆಯುತ್ತೇನೆ" ಎಂದ ಪಿಯೆತ್ರೊ. "ಕಿತ್ತಳೆ ಹಣ್ಣಿನದಾ?" ಎಂದೆ. "ಅಲ್ಲ, ದ್ರಾಕ್ಷಿಯದೇ" ಎಂದು ನಕ್ಕ.

ಆಗ ಗಡಿಯ ಈಚೆ, ನಮ್ಮ ಕಡೆ, ಪಾನನಿಷೇಧ. ಚಿಲಮತ್ತೂರು ದಾಟಿ ಕರ್ನಾಟಕ ಸೇರಿದರೆ ಯಾರೂ ಕೇಳುವವರಿಲ್ಲ. ಈಚೆ ಸಿಕ್ಕಿಬಿದ್ದರೆ ಜೈಲು. ಸೀಸೆಗಳನ್ನು ಅಕ್ಕಿ ಡಬ್ಬದಲ್ಲಿಟ್ಟೆ. ಅಲ್ಲಿಂದ ಬೀರುವಿಗೆ, ಬೀರುವಿನಿಂದ ಅಟ್ಟಕ್ಕೆ. "ಏನ್ರೀ, ಬೆಕ್ಕು ಮರಿ ಸಾಗಿಸ್ದಂಗೆ ಮನೆಯೆಲ್ಲಾ ಸಾಗಿಸ್ತಿದೀರಲ್ಲ, ಒಂದ್ಕಡೆ ಕೂತ್ಕೊಳ್ರೀ!" ಎಂದಳು ಹೆಂಡತಿ. ಕೂರುವುದೆಲ್ಲಿಂದ ಬಂತು? ಸ್ಟೀಲ್ ಲೋಟಕ್ಕೆ ಕೆಂಪನ್ನು ಬಗ್ಗಿಸಿ ಕುಡಿದೆ. ಹುಳಿ. ಹುಳಿ ಎಂದರೆ ಮುದುಕನಿಗೆ ನೋವು, ಸಿಹಿ ಎಂದರೆ ಸುಳ್ಳು. ಇನ್ನೇನಾದರೂ ಸಿಕ್ಕೀತೆಂದು ಮತ್ತೆ ಕುಡಿದೆ. ಕಿತ್ತಳೆಯದನ್ನೂ ಕುಡಿದೆ. ಮೂರು ದಿನದಲ್ಲಿ ಎರಡೂ ಸೀಸೆ ಅರ್ಧಕ್ಕೆ ಇಳಿದವು; ಮಾತು ಮಾತ್ರ ಸಿಗಲಿಲ್ಲ.

ಗುರುವಾರ ಬೆಳಿಗ್ಗೆ, ಪಿಯೆತ್ರೊ ಬರುವ ಮೊದಲೇ, ಕಲ್ಯಾಣದುರ್ಗದಿಂದ ಹೆಂಡತಿಯ ಅಪ್ಪ, ನಮ್ಮ ಮಾವ, ಬಂದಿಳಿದರು. ಜೀವನವಿಡೀ ರೇಷ್ಮೆಗೆ ಬಣ್ಣ ಹಾಕಿದವರು, ಕುಡಿತದ ಹೆಸರೆತ್ತಿದರೆ ಸಿಡಿಯುವವರು. ಅವರ ಕಣ್ಣು ನೇರವಾಗಿ, ನಾನು ಆಗಷ್ಟೇ ಕಿತ್ತಳೆಯದನ್ನು ಬಗ್ಗಿಸಿಟ್ಟಿದ್ದ ಲೋಟಕ್ಕೆ ಹೋಯಿತು. ಅಳಿಯನನ್ನು ತೆಲುಗಿನಲ್ಲೇ ಕರೆದರು:

"ಏಮಿ ಅಲ್ಲುಡಾ, ಇದ್ಯಾವ ಬಣ್ಣ? ದಾಳಿಂಬೆ ಸಿಪ್ಪೆ ಕುದಿಸ್ದಂಗೈತೆ."

ಸುಳ್ಳು ಹೊಳೆಯದೆ ನಿಜವನ್ನೇ ಹೇಳಿ, ತಲೆ ತಗ್ಗಿಸಿ ನಿಂತೆ. ಬೈಗುಳ ಬರಲಿಲ್ಲ. ಮಾವ ಚೀಲದಿಂದ ಒಂದೆಳೆ ಬಿಳಿ ರೇಷ್ಮೆ ತೆಗೆದು ಲೋಟದಲ್ಲಿ ಅದ್ದಿ, ಬಾಗಿಲ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಒಂದು ಗುಟುಕು ಬಾಯಿಗೆ ಹಾಕಿ, ಕಣ್ಣು ಮುಚ್ಚಿ ಹೊರಳಾಡಿಸಿ, ಹಿತ್ತಿಲಿಗೆ ಹೋಗಿ ಉಗಿದು ಬಂದರು.

"ಬಣ್ಣದ ನೀರ್ನ ನಾಲಿಗೇಲಿ ನೋಡಿ ಉಗಿಯಾದು ನಮ್ ಕಸುಬು ಕಣಪ್ಪ. ನುಂಗಿದ್ರೆ ತಾನೇ ತಪ್ಪು? ಇದು ಬಿಳೀ ದ್ರಾಕ್ಷಿದು. ಸಿಪ್ಪೆ ಸಮೇತ ಶಾನೆ ದಿನ ನೆನೆಹಾಕವ್ರೆ. ಬಣ್ಣಾನೂ ಸಿಪ್ಪೇದೇ, ಒಗರೂ ಸಿಪ್ಪೇದೇ."

ಕೆಂಪಿಗೂ ಅದೇ ಉಪಚಾರ. "ಇದು ನೀರು ಕಮ್ಮಿ ಕುಡ್ದಿರೋ ಗಿಡದ ಹಣ್ಣು. ನಮ್ ಬರದ ಸೀಮೆ ಹಣ್ಣಿನಂಗೇ ಗಟ್ಟಿಗೈತೆ. ಮಾಡಿರೋನು ಒಳ್ಳೆ ಕೆಲ್ಸಗಾರ. ಕದಡಿದ್ರೆ ಕದಡ್ಲಿ, ಸೋಸಬ್ಯಾಡ ಅಂತೇಳು."

ತಿರುಗಿ ನೋಡಿದರೆ ಬಾಗಿಲಲ್ಲಿ ಪಿಯೆತ್ರೊ! ಉಗಿಯುವುದನ್ನೂ ನೋಡಿಬಿಟ್ಟಿದ್ದ. ನಾನು ಮಾವನ ಮಾತನ್ನೆಲ್ಲ ಇಂಗ್ಲಿಷಿಗೆ ತಂದೆ. ಅವನ ಕಣ್ಣು ತುಂಬಿ ಬಂತು. ತಮ್ಮೂರಿನಲ್ಲಿ ಬೇಸಿಗೆಯಿಡೀ ಹನಿ ಮಳೆ ಬೀಳುವುದಿಲ್ಲವೆಂದೂ, ಅಲ್ಲಿ ನುರಿತವರು ಹೀಗೆಯೇ ರುಚಿ ನೋಡಿ ಉಗಿಯುತ್ತಾರೆಂದೂ ಹೇಳಿ ಮಾವನ ಬಣ್ಣ ಹತ್ತಿದ ಕೈ ಹಿಡಿದುಕೊಂಡ. ಗಿಡಗಳನ್ನು ಕೀಳಲಿಲ್ಲವೆಂದು ಆಮೇಲೆ ಮುದುಕನ ಕಾಗದ ಬಂತು, ಅದೂ ಮಾವನ ಹೆಸರಿಗೆ.

ಅಂದು ನನ್ನ ಅಭಿಪ್ರಾಯವನ್ನು ಯಾರೂ ಕೇಳಲೇ ಇಲ್ಲ. ಇಬ್ಬರೂ ಹೆಗಲ ಮೇಲೆ ಕೈ ಹಾಕಿಕೊಂಡು ಮಿಲ್ಲಿನ ಕಡೆ ಹೊರಟ ಮೇಲೆ ಹೆಂಡತಿ ಕೇಳಿದಳು: "ನಮ್ಮಪ್ಪ ಉಗಿದೇ ಇಷ್ಟು ತಿಳ್ಕಂಬುಟ್ರು. ನೀವು ನುಂಗಿದ್ರಲ್ಲ, ನಿಮ್ಗೇನ್ ತಿಳೀತು?"

"ಹೊಟ್ಟೆ ಉರಿ ಕಣೇ" ಎಂದೆ.

ಪಾಪ, ಅವಳು ಒಳಗೆ ಹೋಗಿ ಮಜ್ಜಿಗೆ ತಂದುಕೊಟ್ಟಳು. ಇದು ಮಜ್ಜಿಗೆಗೆ ಇಳಿಯುವ ಉರಿಯಲ್ಲ ಎಂದು ಹೇಳಲು ಬಾಯಿ ಬರದೆ ಗಟಗಟನೆ ಕುಡಿದೆ.